ಎಡಸುತ್ತಿನ ತೊಟ್ಟಿಲು

ಮರದಲ್ಲಿ ಗೆರೆ ತೋಡುವ ರೌಟರ್ ಮಶೀನನ್ನು ಹೊಸದಾಗಿ ಹಿಡಿದ ಹುಡುಗರು ನನ್ನ ಹತ್ತಿರ ಬಂದರೆ ಕೇಳುವುದು ಒಂದೇ ಮಾತು: "ಅಜ್ಜಾರ, ಪಟ್ಟಿ ಹಚ್ಚೀನಿ, ಗಟ್ಟಿ ಹಿಡದೀನಿ, ಆದ್ರೂ ಗೆರಿ ಯಾಕ ಸೊಟ್ಟ ಹೊಂಟೈತ್ರಿ?" ಇದಕ್ಕೆ ಉತ್ತರ ಒಂದೇ ಉಸಿರಿನಲ್ಲಿ ಹೇಳುವಂಥದು. ಮಶೀನು ಎಡಕ್ಕೆ ಎಳೆಯುತ್ತದೆ, ಆಸರೆ ಎಡಕ್ಕೆ ಕೊಡು, ಮುಗಿಯಿತು. ಅವರು "ಹೌದ್ರಿ?" ಎಂದು ತಲೆಯಾಡಿಸಿ ಹೋಗುತ್ತಾರೆ. ಇಷ್ಟು ಸಣ್ಣ ಮಾತು ನಾನು ಕಲಿಯುವಷ್ಟರಲ್ಲಿ ನರಗುಂದದ ಒಂದು ಹಿತ್ತಲಲ್ಲಿ ಏನೇನು ನಡೆದುಹೋಯಿತು ಎಂಬುದು ಅವರಿಗೆ ಗೊತ್ತಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಮುಂದೆ ನಾನು ಯಾವ ಕಾರ್ಖಾನೆಗೆ ಸೇರಿದೆ, ಎಷ್ಟು ಮಂದಿಯ ಮೇಲಿನವನಾದೆ, ಕೊನೆಗೆ ಹಾರ ಹಾಕಿ ಹೇಗೆ ಕಳಿಸಿಕೊಟ್ಟರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿ ಯಾರ ಕೈಯೂ ನೆಟ್ಟಗಾಗುವುದಿಲ್ಲ. ಐವತ್ತರ ದಶಕ ಮುಗಿಯುತ್ತಾ ಬಂದಾಗ ರೋಣದಲ್ಲಿ ನನ್ನ ಸೋದರಮಾವ ಮೌನಪ್ಪನ ಕೈಕೆಳಗೆ ಬಡಗಿ ಕೆಲಸ ಕಲಿಯುತ್ತಿದ್ದೆ. ಮೀಸೆ ಆಗಷ್ಟೇ ಮೂಡಿತ್ತು. ಎಲ್ಲ ಬರುತ್ತದೆ ಎಂಬ ಸೊಕ್ಕು ಮಾತ್ರ ಪೂರ್ತಿ ಬೆಳೆದಿತ್ತು.

ಆಗ ನಮ್ಮಲ್ಲಿ ಬಡಗಿ ಎಂದರೆ ನೆಲದ ಮೇಲೆ ಕೂರುವವನು. ಹಲಗೆಯನ್ನು ಎರಡೂ ಪಾದಗಳ ನಡುವೆ ಅವುಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಳಿ ಹೊಡೆಯುವುದು, ಮರ ಹೆರೆಯಲು ರಂದಾ ಎಳೆಯುವುದು. ಹಲಗೆ ಬಿಗಿಯುವ ಶಿಕಂಜಿ ನಮಗೆ ನಮ್ಮ ಕಾಲೇ. ಹಲಗೆಯಲ್ಲಿ ಉದ್ದಕ್ಕೆ ಕಾಲುವೆಯಂಥ ಗೆರೆ ತೋಡುವುದಕ್ಕೆ ಝರಿ ತೆಗೆಯುವುದು ಎನ್ನುತ್ತಿದ್ದೆವು, ಅದಕ್ಕೆಂದೇ ಝರಿ ರಂದಾ ಇತ್ತು. ಮೌನಪ್ಪ ಮಾಮಾ ಆ ರಂದಾ ಹಿಡಿದು ಕೂತನೆಂದರೆ ಗೆರೆ ದಾರ ಎಳೆದ ಹಾಗೆ ಬರುತ್ತಿತ್ತು.

ಮಾಮಾನದು ಒಂದು ಕಟ್ಟುನಿಟ್ಟು. ಬಾಗಿಲಾಗಲಿ, ಮಣೆಯಾಗಲಿ, ತೊಟ್ಟಿಲಾಗಲಿ, ನಾಲ್ಕೂ ಅಂಚಿಗೆ ಝರಿ ತೆಗೆಯುವಾಗ ಬಲಕ್ಕೇ ಸುತ್ತಬೇಕು, ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ. ಎಡಸುತ್ತು ಸಾವಿನ ಕೆಲಸಕ್ಕೆ. ನಾನು ಒಮ್ಮೆ ಮರೆತು ಒಂದು ಮಣೆಗೆ ಎಡಗಡೆಯಿಂದ ಶುರುಮಾಡಿದಾಗ ಆ ಹಲಗೆಯನ್ನೇ ಸೀಳಿ ಒಲೆಗೆ ಹಾಕಿಸಿದ್ದ. ಅಷ್ಟು ಚಲೋ ಸಾಗವಾನಿ ಹಲಗೆ! ನಾನು ಬಾಯಿ ತೆರೆದುಕೊಂಡು ಉರಿಯುವುದನ್ನು ನೋಡಿದ್ದೆ.

ಮಾಮಾ ಹೆಸರು ಮಾಡಿದ್ದು ತೊಟ್ಟಿಲಿನಲ್ಲಿ. ರೋಣ, ನರಗುಂದ, ಗಜೇಂದ್ರಗಡ, ಎಲ್ಲಿ ಹೆರಿಗೆಯಾದರೂ ತವರಿನವರು ಮೌನಪ್ಪನ ತೊಟ್ಟಿಲೇ ಬೇಕು ಎನ್ನುತ್ತಿದ್ದರು. ಆ ಹೆಸರು ಹಾಳಾದದ್ದು ನರಗುಂದದಲ್ಲಿ. ಅಲ್ಲಿ ಕಾಳಿನ ವ್ಯಾಪಾರದ ಶಿವಲಿಂಗಪ್ಪ ಸಾವುಕಾರರು ಇದ್ದರು. ಅವರ ಮಗಳು ನೀಲವ್ವ. ಆಕೆಯ ಮೊದಲ ಕೂಸಿಗೆ ಮಾಮಾ ತೊಟ್ಟಿಲು ಮಾಡಿಕೊಟ್ಟ. ಕೂಸು ಹಲ್ಲು ಮೂಡುವ ಮೊದಲೇ ಹೋಯಿತು. ಎರಡನೆಯದಕ್ಕೂ ಮಾಮಾನೇ ಮಾಡಿಕೊಟ್ಟ. ಅದೂ ಹೋಯಿತು. ಆಮೇಲೆ ಯಾರು ಎಲ್ಲಿ ಏನಂದರೋ, ಬಾಯಿಂದ ಬಾಯಿಗೆ ಹೋಗಿ ಮೂರೂ ಊರಲ್ಲಿ ತೊಟ್ಟಿಲ ಕೆಲಸ ನಿಂತುಹೋಯಿತು. ಬಾಗಿಲು ಮಾಡಿಸುವರು, ನೇಗಿಲು ಮಾಡಿಸುವರು, ತೊಟ್ಟಿಲ ಮಾತು ಬಂದರೆ ಮಾತ್ರ "ನೋಡೂಣ್ರಿ" ಎಂದು ಬೇರೆ ಕಡೆ ನೋಡುವರು. ಆ ದಿನದಿಂದ ಮಾಮಾನ ಕಟ್ಟುನಿಟ್ಟು ದುಪ್ಪಟ್ಟಾಯಿತು. ಉಳಿ ಎತ್ತುವ ಮುಂಚೆ ಕೈಮುಗಿಯುವನು, ಝರಿ ತೆಗೆದಾದ ಮೇಲೆ ಬಲಕ್ಕೇ ಹೋದೆನೋ ಇಲ್ಲವೋ ಎಂದು ಮತ್ತೆ ಬೆರಳಾಡಿಸಿ ನೋಡುವನು. ತನ್ನ ಕೈಯಿಂದ ಎಲ್ಲೋ ಏನೋ ತಪ್ಪಿತೇ ಎಂದು ಅವನಿಗೇ ಅನುಮಾನ ಹತ್ತಿತ್ತು.

ಹೀಗಿರುವಾಗ ಶಿವಲಿಂಗಪ್ಪ ಸಾವುಕಾರರಿಂದ ಕರೆ ಬಂತು. ತೊಟ್ಟಿಲಿಗಲ್ಲ, ಹೊಸ ಗೋದಾಮಿನ ಬಾಗಿಲುಗಳಿಗೆ. ಇಬ್ಬರೂ ಉಳಿ, ಬಾಚಿ ಎಂದು ಹತ್ಯಾರವನ್ನೆಲ್ಲ ಕಟ್ಟಿಕೊಂಡು ನರಗುಂದಕ್ಕೆ ಹೋದೆವು. ಸಾವುಕಾರರ ಮನೆಯ ಹಿತ್ತಲಿಗೆ ಹೊಂದಿಕೊಂಡೇ ಹತ್ತಿಯಿಂದ ಬೀಜ ಬಿಡಿಸುವ ಅವರ ಜಿನ್ನು. ಅಲ್ಲಿ ಎಂಜಿನ್ ಓಡುತ್ತಿತ್ತು, ಅದಕ್ಕೆ ಪಟ್ಟಾ ಹಾಕಿ ಒಂದು ಡೈನಮೋ ತಿರುಗಿಸಿ ಕರೆಂಟು ಮಾಡಿಕೊಂಡಿದ್ದರು. ಊರೆಲ್ಲ ಕಂದೀಲು ಹಚ್ಚುವ ಕಾಲದಲ್ಲಿ ಅವರ ಪಡಸಾಲೆಯಲ್ಲಿ ಬಲ್ಬು ಉರಿಯುತ್ತಿತ್ತು. ಸಾವುಕಾರರು ನಮ್ಮನ್ನು ನೋಡಿದ್ದೇ ಒಂದು ಪೆಟ್ಟಿಗೆ ತರಿಸಿ ಬಿಚ್ಚಿಸಿದರು. ಒಳಗೆ ಎರಡು ಹಿಡಿಕೆಯ, ಗಡಿಗೆಯಷ್ಟು ದಪ್ಪದ ಒಂದು ಕಬ್ಬಿಣದ ಸಾಮಾನು, ಅಡಿಯಲ್ಲಿ ಕಿರುಬೆರಳಿನಷ್ಟು ಒಂದು ಹಲ್ಲು.

"ಮುಂಬೈಯಿಂದ ತರಿಸೀನಿ. ಝರಿ ತಗಿಯೂ ಮಶೀನ. ನಿನ್ನ ರಂದಾ ಇನ್ನ ಗೂಟಕ್ಕ ಹಾಕು, ಮೌನಪ್ಪಾ" ಎಂದರು.

ಮಾಮಾ ಅದನ್ನು ಮುಟ್ಟಲಿಲ್ಲ. ನಾನು ಮುಟ್ಟಿದೆ. ಮುಟ್ಟಿದ್ದಷ್ಟೇ ಅಲ್ಲ, ನಮ್ಮ ಪದ್ಧತಿಯಂತೆ ನೆಲಕ್ಕೆ ಕುಳಿತು, ಹಲಗೆಯನ್ನು ಕಾಲಲ್ಲಿ ಅವುಚಿ, ಮಶೀನನ್ನು ಮೇಲಿಟ್ಟು ಗುಂಡಿ ಒತ್ತಿಬಿಟ್ಟೆ.

ದೇವರೇ! ಮಶೀನು ಹಿತ್ತಲು ತುಂಬುವ ಹಾಗೆ ಕೂಗಿತು. ಹಲ್ಲು ಮರಕ್ಕೆ ತಾಗಿದ್ದೇ ತಡ, ಮಶೀನು ಬೆದರಿದ ಹೋರಿಯ ಹಾಗೆ ಪಕ್ಕಕ್ಕೆ ಜಿಗಿದು ನನ್ನ ಎಡಗಾಲಿನ ಕಡೆಗೇ ಬಂತು. ಹಿಂದಿನಿಂದ ಯಾರೋ ಕುತ್ತಿಗೆಪಟ್ಟಿ ಹಿಡಿದು ಜಗ್ಗಿದರು. ಅದು ಮಾಮಾ. ಎಂಜಿನ್ ನೋಡಿಕೊಳ್ಳುತ್ತಿದ್ದ ಹುಸೇನಸಾಬ್ ಓಡಿಬಂದು ತಂತಿ ಕಿತ್ತ. ನನ್ನ ಹೆಬ್ಬೆರಳಿನ ಉಗುರಿನ ತುದಿ ಅಂದವಾಗಿ ಹಾರಿಹೋಗಿತ್ತು. ಉಗುರಷ್ಟೇ. ಅದರಾಚೆ ಒಂದು ಗೋಧಿಕಾಳಿನಷ್ಟು ಸರಿದಿದ್ದರೆ ನಾನು ಇವತ್ತು ಕುಂಟುತ್ತಿದ್ದೆ.

"ಕುಂತು ಹಿಡೀತಾರೇನಲೇ ಹುಚ್ಚಾ! ಎದ್ದು ನಿಂತು ಹಿಡಿ! ಇದು ಕಾಲು ನೋಡಂಗಿಲ್ಲ, ಕಟಿಗಿ ನೋಡಂಗಿಲ್ಲ" ಎಂದು ಹುಸೇನಸಾಬ್ ಕಿರುಚಿದ.

ನಿಂತು ಕೆಲಸ ಮಾಡುವುದೆಂದರೆ ನಮಗೆ ನಿಂತು ಊಟ ಮಾಡಿದ ಹಾಗೆ. ಆದರೂ ಹಿತ್ತಲ ಕೊಟ್ಟಿಗೆಯ ನಡುವೆ ಸೊಂಟದೆತ್ತರದ ಒಂದು ದಪ್ಪ ಬೆಂಚು ಹಾಕಿಸಿದೆವು, ಸುತ್ತಲೂ ತಿರುಗಾಡಲು ಬರುವಂತೆ. ಹಲಗೆಯನ್ನು ಹಿಡಿಯಲು ಕಬ್ಬಿಣದ ಶಿಕಂಜಿ ತರಿಸಿದೆವು. ಹುಡುಗರೇ, ಮೊದಲ ಪಾಠ ಇದು: ಮರವನ್ನು ಬಿಗಿಯಬೇಕು, ಮೈಯಿಂದ ಹಿಡಿಯಬಾರದು. ಹಲ್ಲು ಬದಲಿಸುವಾಗ ಮೊದಲು ತಂತಿ ಕಿತ್ತಿಡಬೇಕು. ಗುಂಡಿ ಒತ್ತಿ ಕೂಗು ಪೂರ್ತಿ ಏರಿದ ಮೇಲೆಯೇ ಹಲ್ಲನ್ನು ಮರಕ್ಕೆ ಮುಟ್ಟಿಸಬೇಕು. ಇದನ್ನು ಹೇಳಿಕೊಡುವವರು ನನಗೆ ಯಾರೂ ಇರಲಿಲ್ಲ, ಉಗುರು ಕೊಟ್ಟು ಕಲಿತೆ.

ಆಮೇಲೆ ಗೋದಾಮಿನ ಬಾಗಿಲ ಹಲಗೆಗಳ ಮೇಲೆ ನನ್ನ ಫಜೀತಿ ಶುರುವಾಯಿತು. ಬೆರಳಿನಷ್ಟು ಆಳದ ಝರಿಯನ್ನು ಒಂದೇ ಏಟಿಗೆ ತೆಗೆಯಲು ಹೋದೆ. ಹೊಗೆ ಬಂತು, ಸಾಗವಾನಿ ಸುಟ್ಟ ವಾಸನೆ ಬಂತು, ಡೈನಮೋ ನರಳಿ ಸಾವುಕಾರರ ಪಡಸಾಲೆಯ ಬಲ್ಬು ಮಂದವಾಯಿತು. ಅವರು ಒಳಗಿಂದ "ಏನ್ ಮಾಡಾಕತ್ತೀರಲೇ!" ಎಂದು ಕೂಗಿದರು. ಸ್ವಲ್ಪ ಸ್ವಲ್ಪ ಆಳ ಇಳಿಸುತ್ತಾ, ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಬೇಕು ಎಂದು ತಿಳಿಯಿತು. ನಿಧಾನ ಮಾಡಿದರೆ ಮರ ಕಪ್ಪಾಗುತ್ತದೆ, ಅವಸರ ಮಾಡಿದರೆ ಅಂಚು ಸಿಬಿರೇಳುತ್ತದೆ. ಕೂಗು ಒಂದೇ ಸಮನೆ ಇರುವ ಹಾಗೆ ತಳ್ಳಬೇಕು.

ಇಷ್ಟೆಲ್ಲ ಆದರೂ ಗೆರೆ ಸರಳ ಬರಲಿಲ್ಲ. ಮಶೀನಿಗೆ ಆಸರೆಯಾಗಿ ಹಲಗೆಯ ಮೇಲೆ ಒಂದು ನೆಟ್ಟನೆಯ ಪಟ್ಟಿ ಬಿಗಿದು ಅದಕ್ಕೆ ತಾಗಿಸಿ ತಳ್ಳುತ್ತಿದ್ದೆ. ಪಟ್ಟಿಯನ್ನು ಎಲ್ಲಿ ಬಿಗಿಯಬೇಕು? ಬಲಕ್ಕೆ! ಇನ್ನೆಲ್ಲಿ? ಒಳ್ಳೆಯದೆಲ್ಲ ಬಲಗಡೆಗೆ ಎಂದು ಬೆಳೆದವರು ನಾವು. ಮಶೀನು ಹತ್ತಿರದಲ್ಲಿ ನೆಟ್ಟಗೆ ಹೊರಡುವುದು, ಗೇಣು ದೂರ ಹೋದ ಮೇಲೆ ಪಟ್ಟಿ ಬಿಟ್ಟು ಎಡಕ್ಕೆ ಹೊಟ್ಟೆ ಉಬ್ಬಿಸುವುದು. ನಾನು ಮಶೀನನ್ನು ಬೈದೆ, ಡೈನಮೋವನ್ನು ಬೈದೆ, ಕಟ್ಟಿಗೆಯನ್ನೂ ಬೈದೆ. ಒಂದು ದೊಡ್ಡ ಹಲಗೆ ಹಾಳಾದ ದಿನ ಸಾವುಕಾರರು ಸೊಟ್ಟ ಝರಿಯಲ್ಲಿ ಬೆರಳಿಟ್ಟು, "ಇದೇನೋ, ಹಾವು ಹರದಾಡಿದಂಗ ಆಗೈತಿ" ಎಂದರು. ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು.

ಉತ್ತರ ಸಿಕ್ಕಿದ್ದು ಮಾಮಾ ರೋಣಕ್ಕೆ ಹೋಗಿದ್ದ ದಿನ. ಒಂದು ಉದ್ದನೆಯ ಹಲಗೆಯ ಬಲ ಅಂಚು ಒಡೆದಿತ್ತು, ಅಲ್ಲಿ ಶಿಕಂಜಿ ಕೂರುತ್ತಿರಲಿಲ್ಲ. ಗತಿಯಿಲ್ಲದೆ ಪಟ್ಟಿಯನ್ನು ಎಡಕ್ಕೆ ಬಿಗಿದೆ. ಮಶೀನು ಶುರುಮಾಡಿ ತಳ್ಳಿದೆ. ತಳ್ಳಿದವನೇ ಬೆಚ್ಚಿಬಿದ್ದೆ. ಮಶೀನು ತಾನಾಗಿ ಪಟ್ಟಿಗೆ ಒರಗಿಕೊಂಡು, ಕರು ತಾಯಿಯ ಮೈಗೆ ಆತುಕೊಂಡು ನಡೆದ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ನಡೆದುಬಿಟ್ಟಿತು. ಗೆರೆ ದಾರ ಎಳೆದ ಹಾಗೆ! ನಾನು "ಹುಸೇನಸಾಬ್ರ, ಬರ್ರಿ, ಲಗೂ ಬರ್ರಿ!" ಎಂದು ಅರಚಿದ್ದಕ್ಕೆ ಆತ ಈ ಸಲ ಬೆರಳೇ ಹೋಯಿತೆಂದು ಓಡಿಬಂದ.

ಕಾರಣ ಸರಳ. ಮೇಲಿನಿಂದ ನೋಡಿದರೆ ಹಲ್ಲು ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ತಿರುಗುತ್ತದೆ. ಮುಂದಿರುವ ಮರವನ್ನು ಬಲಕ್ಕೆ ತಳ್ಳಲು ಹೋಗಿ, ಮರ ಜಗ್ಗದೆ, ತಾನೇ ಎಡಕ್ಕೆ ಸರಿಯುತ್ತದೆ. ಎಡಕ್ಕೆ ಆಸರೆ ಇದ್ದರೆ ಅದಕ್ಕೆ ಒರಗಿ ನೆಟ್ಟಗೆ ಹೋಗುತ್ತದೆ, ಇಲ್ಲದಿದ್ದರೆ ಓಡಿಹೋಗುತ್ತದೆ. ಆ ದಿನ ನಾನು ಕುಣಿದದ್ದೇ ಕುಣಿದದ್ದು. ಅದರ ಹಿಂದೆಯೇ ಏನು ಬರುತ್ತಿದೆ ಎಂಬುದು ಹೊಳೆದಿರಲಿಲ್ಲ.

ಬಾಗಿಲುಗಳು ಮುಗಿಯುವ ಹೊತ್ತಿಗೆ ತವರಿಗೆ ಬಂದಿದ್ದ ನೀಲವ್ವ ಹೆತ್ತಳು. ಹೆಣ್ಣು ಕೂಸು. ನಮ್ಮ ಕಡೆ ಕೂಸು ಹುಟ್ಟುವ ಮೊದಲು ತೊಟ್ಟಿಲ ಮಾತೆತ್ತುವುದಿಲ್ಲ. ಹುಟ್ಟಿದ ಮೇಲೆ ಹೆಸರಿಡುವ ದಿನದೊಳಗೆ ತವರಿನವರು ಮಾಡಿಸಬೇಕು. ನಾವು ಸುಮ್ಮನೆ ಹತ್ಯಾರ ಕಟ್ಟತೊಡಗಿದೆವು. ತೊಟ್ಟಿಲಿಗೆ ಮಾಮಾನನ್ನು ಯಾರು ಕೇಳುತ್ತಾರೆ? ಅದರಲ್ಲೂ ಈ ಮನೆಯಲ್ಲಿ? ಆಗ ಸಾವುಕಾರರು ಹಿತ್ತಲಿಗೆ ಬಂದು ಬೇರೆ ಕಡೆ ನೋಡುತ್ತಾ, "ಮೌನಪ್ಪಾ, ತೊಟ್ಟಿಲಾ ನೀನ ಮಾಡಬೇಕಂತ" ಎಂದರು.

ಮಾಮಾನ ಕೈಯಲ್ಲಿದ್ದ ಬಾಚಿ ಕೆಳಗೆ ಬಿತ್ತು. ಯಾರು ಅಂದರು, ಯಾಕೆ ಅಂದರು ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಮಾಮಾನಿಗೆ ಇದು ಕೊನೆಯ ಅವಕಾಶ ಎಂದು ನನಗೆ ಗೊತ್ತಿತ್ತು. ಈ ಕೂಸು ಚೆನ್ನಾಗಿ ಬೆಳೆದರೆ ಅವನು ಮತ್ತೆ ತಲೆಯೆತ್ತಿ ನಡೆಯಬಹುದು, ಇಲ್ಲದಿದ್ದರೆ ಸಾಯುವವರೆಗೂ ಅವನ ಬೆನ್ನ ಹಿಂದೆ ಅದೇ ಮಾತು. ಸಾವುಕಾರರದು ಒಂದೇ ಷರತ್ತು: ಝರಿಯೆಲ್ಲ ಮಶೀನಿನಿಂದಲೇ ಆಗಬೇಕು, ಹೆಸರಿಡುವ ದಿನ ಬರುವ ಬೀಗರಿಗೆ ಅವರು ಅದನ್ನು ತೋರಿಸಬೇಕು.

ಮಾಮಾ ನೆಲಕ್ಕೆ ಕುಳಿತು ಕಂಬಗಳನ್ನು ಕೆತ್ತಿದ, ಗಿಳಿಗಳನ್ನು ಮಾಡಿದ. ಆ ಗಿಳಿಗಳಷ್ಟು ಚಂದದ ಗಿಳಿಗಳನ್ನು ಅವನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಉಳಿದದ್ದು ಅಡಿಯ ಹಲಗೆ. ಅದರ ನಾಲ್ಕೂ ಅಂಚಿನೊಳಗೆ ಝರಿ ತೆಗೆಯಬೇಕು, ಆ ಝರಿಯಲ್ಲಿ ಪಕ್ಕದ ಹಲಗೆಗಳು ಕೂರಬೇಕು. ಝರಿ ಸೊಟ್ಟಾದರೆ ಹಲಗೆ ಅಲುಗುತ್ತದೆ, ತೂಗುವಾಗ ಕಿರಗುಟ್ಟುತ್ತದೆ. ಮಶೀನಿಗೆ ಒಂದು ಕಬ್ಬಿಣದ ತೋಳಿತ್ತು, ಅದು ಹಲಗೆಯ ಹೊರ ಅಂಚಿಗೆ ತಾಗಿ ಜಾರುತ್ತದೆ, ಮಶೀನನ್ನು ಅಂಚಿನಿಂದ ಒಂದೇ ಅಂತರದಲ್ಲಿ ಇಡುತ್ತದೆ.

"ಮಶೀನ ನೀ ಹಿಡಿ. ಆದ್ರ ಬಲಕ್ಕ ಸುತ್ತು. ಎಲ್ಲಿ ತಪ್ಪಿದ್ರೂ ಇಲ್ಲಿ ತಪ್ಪಬ್ಯಾಡ" ಎಂದ ಮಾಮಾ.

ಮೊದಲು ಒಂದು ರದ್ದಿ ಹಲಗೆಯ ಮೇಲೆ ನೋಡಿದೆ. ಬೆಂಚಿನ ಸುತ್ತ ಬಲಕ್ಕೆ ಹೊರಟೆ. ಬಲಕ್ಕೆ ಸುತ್ತಿದರೆ ಹಲಗೆ ನಮ್ಮ ಬಲಕ್ಕೆ, ಹೊರ ಅಂಚು ಎಡಕ್ಕೆ. ಮಶೀನು ಎಡಕ್ಕೆ ಎಳೆಯುತ್ತದಲ್ಲ, ಎಳೆದು ಹೊರಕ್ಕೇ ಓಡಿತು. ತೋಳು ಅಂಚು ಬಿಟ್ಟು ತೇಲಿತು, ಝರಿ ಅಂಚಿನ ಕಡೆ ಹೊರಳಿ ಹಲಗೆ ಸೀಳಿತು. ಮತ್ತೊಂದು ಹಲಗೆ ತೆಗೆದುಕೊಂಡೆ. ಮತ್ತೆ ಅದೇ. ಎಡಕ್ಕೆ ಸುತ್ತಿದರೆ ಹಲಗೆ ಎಡಕ್ಕೆ ಬರುತ್ತದೆ, ಮಶೀನು ಒಳಕ್ಕೆ ಎಳೆಯುತ್ತದೆ, ತೋಳು ಅಂಚಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅಂದರೆ ಈ ಮಶೀನಿಗೆ ಬೇಕಾದದ್ದು ಎಡಸುತ್ತು! ಕೂಸಿನ ತೊಟ್ಟಿಲಿಗೆ ಎಡಸುತ್ತು!

ಹೊರಗೆ ಸುತ್ತಲೂ ಒಂದು ಚೌಕಟ್ಟು ಕಟ್ಟಿ ಅದರೊಳಗೆ ಮಶೀನು ಬಿಟ್ಟರೆ ಬಲಕ್ಕೆ ಸುತ್ತಿಯೂ ಸರಳ ಗೆರೆ ತೆಗೆಯಬಹುದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದ ದಿನ ಹಣೆ ಹಣೆ ಬಡಿದುಕೊಂಡೆ. ಆ ದಿನ ಹಿತ್ತಲಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಮಾಮಾನ ಮುಂದೆಯೇ ಎರಡು ರದ್ದಿ ಹಲಗೆ ಇಟ್ಟು ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಸುತ್ತಿ ತೋರಿಸಿದೆ. ಅವನು ಎರಡರ ಮೇಲೂ ಬೆರಳಾಡಿಸಿದ. ಎಡಕ್ಕೆ ಸುತ್ತಿದ್ದು ಅವನ ಕೈಯಿಂದ ಬರುವಷ್ಟೇ ಸರಳವಾಗಿತ್ತು. ಅವನು ಹಲಗೆಯಿಂದ ಬೆರಳು ತೆಗೆದುಬಿಟ್ಟ.

"ಇದು ಹೆಣದ ಸುತ್ತು ಐತಲೇ" ಎಂದ. "ಎರಡು ಕೂಸು ಹೋದ ಮನಿ. ಇಲ್ಲಿ ಇದನ್ನ ಮಾಡಂತೀ?"

"ರಂದಾದಿಂದ ಮಾಡೂಣ ಮಾಮಾ, ಸಾವುಕಾರ್ರಿಗೆ ಹೇಳೂಣ."

ಸಾವುಕಾರರಿಗೆ ಹೇಳಿದೆವು. ಅವರು ಕೆಂಡವಾದರು. "ಬೀಗರಿಗೆಲ್ಲಾ ಹೇಳಿಬಿಟ್ಟೀನಿ! ಆಗಂಗಿಲ್ಲಾಂದ್ರ ಬಿಡ್ರಿ, ಗದಗಿನಾಗ ಬಡಿಗೇರು ಸತ್ತಿಲ್ಲ" ಎಂದು ಕೂಗಾಡಿದರು. ಕೂಗಾಟ ಕೇಳಿ ಅವರ ಹೆಂಡತಿ ಬಸವ್ವ ಹೊರಗೆ ಬಂದರು. ಎಡಸುತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಎದೆ ಎದೆ ಬಡಿದುಕೊಂಡರು. "ಈ ಮೌನಪ್ಪ ಬ್ಯಾಡ ಅಂತ ನಾ ಮೊದಲ ಹೇಳಿದ್ದಿಲ್ಲೇನು! ಎರಡು ನುಂಗಿದ್ದು ಸಾಲಲಿಲ್ಲೇನು ಇವನ ತೊಟ್ಟಿಲಕ್ಕ!"

ಇಷ್ಟು ವರ್ಷ ಬೆನ್ನ ಹಿಂದೆ ಆಡಿದ ಮಾತು ಆ ದಿನ ಮೊಟ್ಟಮೊದಲು ಮಾಮಾನ ಮುಖಕ್ಕೇ ಬಿತ್ತು. ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅನ್ನಬೇಕು ಅನ್ನುವಷ್ಟರಲ್ಲಿ ಮಾಮಾ ನನ್ನ ತೋಳು ಹಿಡಿದ. ಅವನು ಬಗ್ಗಿ ಹತ್ಯಾರ ಆರಿಸಿಕೊಳ್ಳತೊಡಗಿದ.

ಬಾಣಂತಿಯ ಕೋಣೆಯ ಕಿಟಕಿ ಆ ಹಿತ್ತಲಿಗೇ ಇತ್ತು. ಗಾಳಿ ತಾಗಬಾರದೆಂದು ಯಾವಾಗಲೂ ಮುಚ್ಚಿರುತ್ತಿತ್ತು. ಆ ಕಿಟಕಿಯ ಬಾಗಿಲು ದಢ್ ಎಂದು ತೆರೆಯಿತು. ಒಳಗಿಂದ ಲೋಬಾನದ ಹೊಗೆ ಬಂತು. ತಲೆಗೆ ಬಟ್ಟೆ ಕಟ್ಟಿಕೊಂಡ ನೀಲವ್ವನ ಮುಖ ಕಂಡಿತು. ಆಕೆಯ ಹಿಂದೆ ಕೂಸು ಅಳುತ್ತಿತ್ತು.

"ಏನವ್ವಾ ಗದ್ಲಾ?" ಎಂದಳು.

"ನೀ ಕಿಡಕಿ ಮುಚ್ಚು! ಎಡಸುತ್ತು ಹಾಕ್ತಾರಂತ ನಿನ್ನ ತೊಟ್ಟಿಲಕ್ಕ!" ಎಂದರು ಬಸವ್ವ.

ನೀಲವ್ವ ಕಿಟಕಿ ಮುಚ್ಚಲಿಲ್ಲ. ಮಾಮಾನನ್ನು ಕೇಳಿದಳು, "ಮೌನಪ್ಪ ಕಾಕಾ, ಮೊದಲಿನ ಎರಡು ತೊಟ್ಟಿಲಾ ಯಾ ಕಡೆ ಸುತ್ತಿದ್ರಿ?"

"ಬಲಕ್ಕವ್ವಾ. ದೇವರಾಣಿ ಬಲಕ್ಕ."

"ತಪ್ಪಿದ್ದಿಲ್ಲಲ್ಲಾ?"

"ಇಲ್ಲವ್ವಾ. ಎಲ್ಲೂ ತಪ್ಪಿದ್ದಿಲ್ಲ."

"ನಂಗ ಗೊತ್ತೈತಿ" ಎಂದಳು. "ಎಲ್ಲಾ ಬಲಕ್ಕನ ಆಗಿತ್ತು. ನನ್ನ ಕೂಸು ಎಲ್ಲಿ ಅದಾವ? ಅವ್ವಾ, ನೀ ಹೇಳು, ಬಲಕ್ಕ ಸುತ್ತಿದ್ದು ಅವನ್ನ ಹಿಡಕೊಂತೇನು?"

ಬಸವ್ವ ಸೆರಗು ಬಾಯಿಗಿಟ್ಟುಕೊಂಡರು. ಬಾಣಂತಿಯ ಬಾಯಲ್ಲಿ ಇಂಥ ಮಾತು ಯಾರೂ ಕೇಳಿರಲಿಲ್ಲ.

"ಮಂದಿ ಕಾಕಾನ ಮ್ಯಾಲೆ ಹಾಕಿದ್ರು" ಎಂದು ನೀಲವ್ವ ಮತ್ತೆ ಅಂದಳು. "ಜ್ವರ ಬಂದು ಹೋದ ಕೂಸು. ನನ್ನ ತೊಡಿಮ್ಯಾಲೆ ಹೋದ ಕೂಸು. ತೊಟ್ಟಿಲದಾಗ ಹೋಗಿಲ್ಲ. ಅದಕ್ಕ ಕಾಕಾನ ಮಾಡ್ಲಿ ಅಂತ ಅಪ್ಪಗ ನಾನ ಹೇಳೀನಿ. ಎಡಕ್ಕರ ಸುತ್ರಿ, ಬಲಕ್ಕರ ಸುತ್ರಿ, ಗಟ್ಟಿ ಮಾಡಿಕೊಡ್ರಿ. ಕೂಸು ಅಳಾಕತ್ತೈತಿ, ಲಗೂನ ಮಾಡ್ರಿ."

ಕಿಟಕಿ ಮುಚ್ಚಿತು.

ಕರೆದದ್ದು ಆಕೆ! ನಾವು ಸಾವುಕಾರರ ಮನಸ್ಸು ಕರಗಿತೆಂದು ತಿಳಿದಿದ್ದೆವು. ಕೂಸು ಕಳೆದುಕೊಂಡವಳೇ, ಎರಡು ಸಲ ಕಳೆದುಕೊಂಡವಳೇ, ಮಾಮಾನ ಹೆಸರಿನ ಚಿಂತೆ ಮಾಡಿದ್ದಳು. ಮಾಮಾ ಹತ್ಯಾರದ ಗಂಟನ್ನು ಕೆಳಗಿಟ್ಟು ಕೊಟ್ಟಿಗೆಯ ಕಂಬ ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತ. ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸಾವುಕಾರರು ಎತ್ತಲೋ ನೋಡುತ್ತಾ ಜಿನ್ನಿನ ಕಡೆ ಹೊರಟುಹೋದರು. ಬಸವ್ವ ಮಾತ್ರ ಅಲ್ಲೇ ನಿಂತಿದ್ದರು.

ಆಮೇಲೆ ಮಾಮಾ ಕಣ್ಣೊರೆಸಿಕೊಂಡು, ನೆಲಕ್ಕೆ ಕೂರದೆ, ಬೆಂಚಿನ ಹತ್ತಿರ ಬಂದು ನಿಂತ. "ತಂತಿ ಹಚ್ಚು" ಎಂದ. ಅಡಿಯ ಹಲಗೆಯನ್ನು ತಾನೇ ಇಟ್ಟು ಶಿಕಂಜಿ ಬಿಗಿದ. ಒಂದು ಹಿಡಿಕೆ ನಾನು ಹಿಡಿದೆ, ಇನ್ನೊಂದನ್ನು ಅವನು ಹಿಡಿದ. ಕೂಗು ಏರಿತು. ಮೊದಲ ಹೆಜ್ಜೆ ಎಡಕ್ಕೆ ಇಡುವಾಗ ಅವನ ಕಾಲು ತಡವರಿಸಿತು. ಇಟ್ಟ ಮೇಲೆ ನಿಲ್ಲಲಿಲ್ಲ. ಸ್ವಲ್ಪ ಸ್ವಲ್ಪ ಆಳ ಇಳಿಸುತ್ತಾ ಹಲಗೆಯ ಸುತ್ತ ಎಡಸುತ್ತು ಹೋದೆವು, ಮತ್ತೆ ಹೋದೆವು. ತೋಳು ಅಂಚನ್ನು ಕಚ್ಚಿ ಹಿಡಿದಿತ್ತು. ಮುಗಿದ ಮೇಲೆ ಪಕ್ಕದ ಹಲಗೆ ತಂದು ಝರಿಗಿಟ್ಟರೆ ಬೆರಳಿನ ಒತ್ತಿಗೇ ಇಳಿದು ಕೂತಿತು, ಅಲುಗಾಡಲಿಲ್ಲ. ಬಸವ್ವ ಹತ್ತಿರ ಬಂದು ಅದನ್ನು ಅಲ್ಲಾಡಿಸಿ ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಚಹಾ ಬಂತು.

ಹೆಸರಿಡುವ ದಿನ ಸಾವುಕಾರರು ಬೀಗರಿಗೆಲ್ಲ ಮಶೀನು ತೋರಿಸಿದರು. ಎಡಸುತ್ತಿನ ಮಾತು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆದರೆ ಅಷ್ಟು ಮಂದಿ ಆಳುಕಾಳಿದ್ದ ಹಿತ್ತಲಲ್ಲಿ ಆದ ಮಾತು ಎಲ್ಲಿ ನಿಲ್ಲುತ್ತದೆ? ಊರೆಲ್ಲ ಆಯಿತು. ಆ ಕೂಸು ಬದುಕಿತು. ಹಲ್ಲು ಬಂತು, ಅಂಬೆಗಾಲಿಟ್ಟಿತು, ಓಡಾಡಿತು. ನಾನು ಕಂಡಾಗಲೆಲ್ಲ ಗಟ್ಟಿಯಾಗಿ ಕಿರುಚುತ್ತಲೇ ಇತ್ತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಾವು ರೋಣಕ್ಕೆ ಮರಳಿ ವರ್ಷ ಕಳೆದ ಮೇಲೆ ಒಂದು ದಿನ ಗಜೇಂದ್ರಗಡದ ಹತ್ತಿರದ ಸೂಡಿಯಿಂದ ಗಂಡ ಹೆಂಡತಿ ಬಂದರು. ಹೆಂಡತಿಯ ಮಡಿಲಲ್ಲಿ ಎಳೆ ಕೂಸು. ಆಕೆ ಸೆರಗು ಎಳೆದುಕೊಂಡು ಕೇಳಿದಳು, "ನರಗುಂದದಾಗ ಮಾಡಿಕೊಟ್ಟೀರಂತಲ್ರಿ ಎಡಸುತ್ತಿನ ತೊಟ್ಟಿಲಾ? ಅದರಾಗಿನ ಕೂಸಿಗೆ ಏನೂ ಆಗಂಗಿಲ್ಲಂತಲ್ರಿ? ನಮಗೂ ಅಂಥಾದ ಬೇಕ್ರಿ."

ನಾನು ದಂಗಾದೆ! ನಿನ್ನೆಯವರೆಗೆ ಹೆಣದ ಸುತ್ತು, ಇವತ್ತು ಕೂಸು ಕಾಯುವ ಸುತ್ತು! ಹಾಳಾದ ಮಂದಿ, ಎಡಕ್ಕಾದರೂ ಬಲಕ್ಕಾದರೂ ಇವರಿಗೆ ಒಂದು ಹೆದರಿಕೆ ಬೇಕೇ ಬೇಕು ಅನಿಸಿತು. "ಯವ್ವಾ, ಅದು ಮಶೀನದ ಗುಣಾ. ಮಶೀನ ಎಡಕ್ಕ ಎಳೀತೈತಿ, ಅದಕ್ಕ ಎಡಕ್ಕ ಸುತ್ತಿದ್ವಿ. ಇಲ್ಲಿ ಮಶೀನನ ಇಲ್ಲ. ಕೈರಂದಾಕ್ಕ ಯಾ ಕಡೆ ಸುತ್ತಿದ್ರೂ ಅಷ್ಟ" ಎಂದು ಬಿಡಿಸಿ ಹೇಳಿದೆ.

ಆಕೆ ಎಲ್ಲ ಕೇಳಿಸಿಕೊಂಡಳು. ಕೇಳಿಸಿಕೊಂಡು, "ನಂದು ಮೊದಲ್ನೇದು ಹೋಗೈತ್ರಿ" ಎಂದಳು.

ಮಾಮಾ ಆಕೆಯನ್ನು ಒಮ್ಮೆ ನೋಡಿದ. ಆಮೇಲೆ, "ಆತವ್ವಾ. ಕುಂದ್ರು, ನಿನ್ನ ಮುಂದನ ತಗೀತೀನಿ" ಎಂದ.

ಅವನು ನೆಲ ಒರೆಸಿ ಕುಳಿತ. ಅಡಿಯ ಹಲಗೆಗೆ ಗೆರೆ ಹಾಕಿ ಕಾಲಲ್ಲಿ ಅವುಚಿ ಝರಿ ರಂದಾ ತೆಗೆದುಕೊಂಡ. ತೆಗೆದುಕೊಂಡವನು ಎಡಕ್ಕೆ ಹೊರಟ. ಮಶೀನಿಗೆ ಎಡಸುತ್ತು ಬೇಕಿತ್ತು, ಅದಕ್ಕೊಂದು ಕಾರಣವಿತ್ತು. ರಂದಾಕ್ಕೆ ಯಾವ ಕಾರಣವೂ ಇರಲಿಲ್ಲ. ಹುಟ್ಟಿದಾಗಿನಿಂದ ಬಲಕ್ಕೆ ಸುತ್ತಿದ ಕೈ, ಎಡಕ್ಕೆ ಒಗ್ಗದೆ ತಡವರಿಸುತ್ತಿತ್ತು. ರಂದಾ ಅಲ್ಲಲ್ಲಿ ಜಾರಿತು. ಮೌನಪ್ಪ ಮಾಮಾನ ಕೈಯಿಂದ ಸೊಟ್ಟ ಗೆರೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಡೆಯಲಾರದೆ ಅವನ ಕಿವಿಯ ಹತ್ತಿರ ಬಗ್ಗಿದೆ.

"ಮಾಮಾ, ಎಡಕ್ಕ ಸುತ್ತಿದ್ರ ಏನರ ಐತೇನು?"

"ಏನೂ ಇಲ್ಲ."

"ಮತ್ತ ಯಾಕ?"

"ಆಕಿ ನೋಡಾಕತ್ತಾಳಲ್ಲೋ" ಎಂದ, ತಲೆ ಎತ್ತದೆ.

ಪಕ್ಕದ ಹಲಗೆಗಳು ಅಲುಗದಂತೆ ಆಮೇಲೆ ನಾವು ತೆಳು ಬೆಣೆ ಸೇರಿಸಬೇಕಾಯಿತು. ಆದರೆ ಅದು ಆಮೇಲಿನ ಮಾತು. ಅವನು ಕೊನೆಯ ಮೂಲೆ ಮುಗಿಸಿ ಹೊಟ್ಟು ಊದಿದ ಕೂಡಲೇ ಆಕೆ ಕೂಸನ್ನು ಗಂಡನ ಕೈಗೆ ಕೊಟ್ಟು ಮುಂದೆ ಬಂದಳು. ಝರಿಯೊಳಗೆ ಬೆರಳಿಟ್ಟು ನಾಲ್ಕೂ ಬದಿ ಸುತ್ತಿದಳು. ಸೊಟ್ಟಾದ ಜಾಗದಲ್ಲಿ ಬೆರಳು ತಡೆಯಿತು, ನಾನು ನೋಡಿದೆ. ತಡೆದ ಬೆರಳನ್ನು ಹಾಗೇ ಮುಂದಕ್ಕೆ ದಾಟಿಸಿದಳು.

"ಭಾಳ ಸರಳ ಬಂದೈತ್ರಿ" ಎಂದಳು.

"ಹೌದವ್ವಾ" ಎಂದ ಮಾಮಾ.